ಆಡುತ್ತಿದ್ದ ಮಕ್ಕಳು, ಹೆಣಗುತ್ತಿದ್ದ ಮಕ್ಕಳು

ಹತ್ತೊಂಬತ್ತನೇ ಶತಮಾನದ ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ ಕವಿತೆಗಳನ್ನು ಕನ್ನಡಕ್ಕೆ ತರಲು ಕೂತಾಗ ನಾನು ಮಾಡಿದ ಮೊದಲ ತಪ್ಪು, ಪುಕ್ಕಟೆ ಸಿಕ್ಕ ಪಠ್ಯವನ್ನು ನಂಬಿದ್ದು. ಸಾವು ಗಾಡಿ ನಿಲ್ಲಿಸಿ ಹತ್ತಿಸಿಕೊಂಡು ಹೋಗುವ ಕವಿತೆ ಇದೆಯಲ್ಲ, ಅದಕ್ಕೆ 'ದಿ ಚಾರಿಯಟ್' ಅಂತ ಹೆಸರಿತ್ತು. 'ರಥ' ಅಂತ ಬರೆದುಕೊಂಡೆ. ಶಾಲೆಯ ಮುಂದೆ ಹೋಗುವಾಗ ಮಕ್ಕಳು ಆಡುತ್ತಿದ್ದರು, ಪಾಠ ಆಗಷ್ಟೇ ಮುಗಿದಿತ್ತು. ಎಲ್ಲ ಸಲೀಸಾಗಿ ಬಂತು. ಆಗಲೇ ಅನುಮಾನ ಬರಬೇಕಿತ್ತು.

ಗೆಳೆಯರೊಬ್ಬರು ಓದಿ, "ಮಕ್ಕಳು ಆಡ್ತಾ ಇದಾರಾ? ನನ್ನ ಪುಸ್ತಕದಲ್ಲಿ ಹೆಣಗ್ತಾ ಇದಾರಲ್ಲ!" ಅಂದರು. ಅವರಲ್ಲಿದ್ದದ್ದು ಥಾಮಸ್ ಜಾನ್ಸನ್ ಹಸ್ತಪ್ರತಿ ನೋಡಿ 1955ರಲ್ಲಿ ಸಿದ್ಧಪಡಿಸಿದ ಪಠ್ಯ. ನನ್ನದು 1890ರದು, ಕವಯಿತ್ರಿ ತೀರಿಕೊಂಡ ನಾಲ್ಕು ವರ್ಷಕ್ಕೆ ಮೇಬಲ್ ಲೂಮಿಸ್ ಟಾಡ್ ಮತ್ತು ಹಿಗ್ಗಿನ್ಸನ್ ಸಂಪಾದಿಸಿ ತಂದದ್ದು. ಹಳೆಯದರ ಹಕ್ಕುಸ್ವಾಮ್ಯ ಮುಗಿದಿದೆ. ಅದಕ್ಕೇ ಎಲ್ಲ ಕಡೆ ಪುಕ್ಕಟೆ ಸಿಗೋದು ಅದೇ.

ಎರಡನ್ನೂ ಪಕ್ಕಪಕ್ಕ ಇಟ್ಟು, ಪೆನ್ಸಿಲ್ ಹಿಡಿದು ಕೂತೆ. 1890ರದರ ಶೀರ್ಷಿಕೆ ಡಿಕಿನ್ಸನ್ ಕೊಟ್ಟದ್ದಲ್ಲ. ಆಕೆ ಹಾಕಿದ್ದ ಡ್ಯಾಷ್‌ಗಳು ಮಾಯವಾಗಿ ಅಲ್ಪವಿರಾಮ ಬಂದಿವೆ. ಒಂದು ಕಡೆ 'ನೆಲ'ಕ್ಕೆ 'ನೆಲ'ವೇ ಪ್ರಾಸ. ಅದು ಸಂಪಾದಕರಿಗೆ ಹಿಡಿಸಲಿಲ್ಲವೇನೋ, ಎರಡನೆಯದು 'ದಿಬ್ಬ' ಆಗಿದೆ. ದೊಡ್ಡ ಪೆಟ್ಟು ಅಂದರೆ ನಾಲ್ಕನೇ ಚರಣವೇ ಇಲ್ಲ! ಅಲ್ಲಿಯವರೆಗೆ ಗಾಡಿ ಶಾಲೆ, ಹೊಲ, ಮುಳುಗುವ ಸೂರ್ಯ ಎಲ್ಲವನ್ನೂ ದಾಟುತ್ತದೆ. ನಾಲ್ಕನೇ ಚರಣದಲ್ಲಿ ಆಕೆ ಮಾತು ಬದಲಿಸುತ್ತಾಳೆ: ಅಲ್ಲ, ಸೂರ್ಯನೇ ನಮ್ಮನ್ನು ದಾಟಿ ಹೋದ. ಇಬ್ಬನಿ ಇಳಿಯುತ್ತದೆ, ನಡುಕ ಹುಟ್ಟುತ್ತದೆ, ಮೈಮೇಲಿರೋದು ಜೇಡರ ಎಳೆಯಷ್ಟು ತೆಳು ಬಟ್ಟೆ. ಇದನ್ನು ಕಿತ್ತರೆ ಉಳಿಯೋದು ಒಂದು ಸಂಜೆಯ ಸವಾರಿ, ಅಷ್ಟೇ. ನನ್ನ ಮೊದಲ ಅನುವಾದ ಓದಿದವರು "ಹಿತವಾಗಿದೆ" ಅಂದದ್ದು ಸುಮ್ನೆ ಅಲ್ಲ.

ಮತ್ತೆ ಶುರು ಮಾಡಿದೆ. ಮಕ್ಕಳಿಗೆ 'ಗುದ್ದಾಟ' ಹಾಕಿದರೆ ಜಗಳ ಅನ್ನಿಸಿತು. 'ಸೆಣಸಾಟ'ಕ್ಕೆ ಯುದ್ಧದ ವಾಸನೆ. ಕೊನೆಗೆ ಗೆಳೆಯರ 'ಹೆಣಗಾಟ'ವೇ ಗತಿಯಾಯಿತು. 'ನೆಲ'ವನ್ನು ಎರಡು ಸಲವೂ ನೆಲವಾಗಿಯೇ ಬಿಟ್ಟೆ.

ಟಾಡ್ ಮೇಲೆ ನನಗೆ ಸಿಟ್ಟಿಲ್ಲ. ಆಕೆ ಕೂತು ನಕಲು ಮಾಡದಿದ್ದರೆ ಆ ಪುಸ್ತಕ ಎಲ್ಲಿ ಬರುತ್ತಿತ್ತು? ಡಿಕಿನ್ಸನ್ ಕೂಡ ಎಷ್ಟೋ ಕಡೆ ಪದದ ಹತ್ತಿರ ಕೂಡಿಸುವ ಗುರುತು ಹಾಕಿ, ಕೆಳಗೆ ಬೇರೆ ಪದ ಬರೆದಿಟ್ಟಿದ್ದಾಳೆ. ಯಾವುದು ಇರಲಿ ಅಂತ ಹೇಳಿಲ್ಲ. ಜಾನ್ಸನ್ ಒಂದು ರೀತಿ ಆಯ್ದರು, 1998ರಲ್ಲಿ ಫ್ರಾಂಕ್ಲಿನ್ ಎಂಬ ಇನ್ನೊಬ್ಬ ಸಂಪಾದಕರು ಇನ್ನೊಂದು ರೀತಿ. ಆದರೆ ವಿರಾಮಚಿಹ್ನೆಗಳ ವಿಷಯದಲ್ಲಿ ಡಿಕಿನ್ಸನ್‌ಗೆ ಖಚಿತವಿತ್ತು. 1866ರಲ್ಲಿ ಪತ್ರಿಕೆಯೊಂದು ಆಕೆಯ ಹಾವಿನ ಕವಿತೆ ಛಾಪಿಸುವಾಗ ಮೂರನೇ ಸಾಲಿನ ಕೊನೆಗೆ ಒಂದು ಚಿಹ್ನೆ ತುರುಕಿತು. ಮೂರು, ನಾಲ್ಕನೇ ಸಾಲು ಒಂದೇ ಉಸಿರಿನವು, ಅದನ್ನು ಕೆಡಿಸಿದರು ಅಂತ ಕಾಗದ ಬರೆದು ದೂರಿದಳು. ಯಾರಿಗೆ ಗೊತ್ತಾ? ಇದೇ ಹಿಗ್ಗಿನ್ಸನ್‌ಗೆ.

ಇಷ್ಟೆಲ್ಲ ತಿಳಿದುಕೊಂಡು, ಡ್ಯಾಷ್ ಸಮೇತ ಒಂದು ಪತ್ರಿಕೆಗೆ ಅನುವಾದ ಕಳಿಸಿದೆ. ಅಚ್ಚಾದಾಗ ಎಲ್ಲ ಅಲ್ಪವಿರಾಮ! ಪುಸ್ತಕದ ಸರದಿ ಬಂದಾಗ ಹುಷಾರಾದೆ. ಮೊದಲ ಕರಡಿನಲ್ಲಿ ಒಂದು ಡ್ಯಾಷೂ ಇರಲಿಲ್ಲ. ಡಿಟಿಪಿ ಮಾಡುವ ಹುಡುಗನಿಗೆ ಫೋನ್ ಹಚ್ಚಿದೆ.

"ಸಾರ್, ಫಾಂಟ್ ಬದಲಾಯಿಸುವಾಗ ಬಂದ ಕಸ ಅಂದ್ಕೊಂಡು ಒಂದೊಂದಾಗಿ ತೆಗೆದೆ. ಅರ್ಧ ದಿನ ಹಿಡೀತು" ಅಂದ.