ಕೋಡು ಮುರಿದ ಮಣ್ಣೆತ್ತು: ಮಡಿಕೆ ಹಾಳೆಯ ಚಿತ್ರಪುಸ್ತಕ ಕೈಹಿಡಿದ ಬಗೆ

"ತಪ್ಪು ತೋರಿಸಿದ್ರ ಹುಡುಗ್ರು ತಪ್ಪನ್ನ ಕಲೀತಾವ್ರೀ ಅಕ್ಕೋರ" ಎಂದು, ತಪ್ಪನ್ನೂ ಅದನ್ನು ಸರಿಪಡಿಸುವ ಬಗೆಯನ್ನೂ ತೋರಿಸಲು ನನ್ನ ತರಗತಿಗೆ ನಾನೇ ಮಾಡಿದ ಚಿತ್ರಪುಸ್ತಕ ನೋಡಿ ನಕ್ಕವರೇ ಈಗ ಅದರ ಝೆರಾಕ್ಸ್ ಕೇಳುತ್ತಿದ್ದಾರೆ. ಅದಕ್ಕೇ ಈ ಬರಹ. ನಲಿ-ಕಲಿಯ (ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳಲ್ಲಿ ಚಟುವಟಿಕೆಯಿಂದ ಕಲಿಸುವ ಪದ್ಧತಿ) ತಟ್ಟೆ, ಏಣಿ, ಕಾರ್ಡು ಎಲ್ಲ ಶಿಕ್ಷಕರಿಗೆ ಗೊತ್ತಿದ್ದದ್ದೇ, ಅದನ್ನು ಬಿಡುತ್ತೇನೆ.

ಮೊದಲ ಪುಸ್ತಕ ಪೂರಾ ಬಿದ್ದುಹೋಯಿತು. ಎಡಪುಟದಲ್ಲಿ ಹಾಲು ಚೆಲ್ಲಿದ ಹುಡುಗ, ಬಲಪುಟದಲ್ಲಿ ಬೈಯುವ ಅವ್ವ, ಕೊನೆಗೊಂದು ನೀತಿ. ಮಕ್ಕಳು ನೀತಿಯನ್ನು ಮಗ್ಗಿಯಂತೆ ಒಪ್ಪಿಸಿದರು, ಮಧ್ಯಾಹ್ನ ಸಾರು ಚೆಲ್ಲಿದವನು ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಬೈಗುಳದ ಚಿತ್ರ ಕಲಿಸುವುದು ಬಚ್ಚಿಡುವುದನ್ನು. ಟೊರಾಂಟೊದ ಸಂಶೋಧಕರು 2014ರಲ್ಲಿ ಪ್ರಕಟಿಸಿದ್ದೂ ಹೆಚ್ಚುಕಡಿಮೆ ಇದನ್ನೇ: 3ರಿಂದ 7 ವರ್ಷದ ಮಕ್ಕಳಲ್ಲಿ, ಸುಳ್ಳಿಗೆ ಶಿಕ್ಷೆಯಾಗುವ ಕಥೆ ಕೆಲಸ ಮಾಡಲಿಲ್ಲ, ನಿಜ ಒಪ್ಪಿಕೊಂಡವನನ್ನು ಮೆಚ್ಚುವ ಕಥೆ ಮಾಡಿತು.

ಎರಡನೆಯದರಲ್ಲಿ ಬೈಗುಳ ತೆಗೆದು ಸರಿಪಡಿಸುವ ಚಿತ್ರ ಹಾಕಿದೆ. ಅದೂ ಆಗಲಿಲ್ಲ. ತಪ್ಪು, ಪರಿಹಾರ ಎರಡೂ ಎದುರುಬದುರು ಇದ್ದರೆ ಮಕ್ಕಳ ಕಣ್ಣು ನೇರ ಬಲಪುಟಕ್ಕೇ ಹಾರುತ್ತದೆ. ಯೋಚಿಸಲು ಜಾಗವೇ ಇಲ್ಲ. ಪರಿಹಾರವನ್ನು ಮುಚ್ಚಿಡಬೇಕು ಎಂದು ಹೊಳೆದದ್ದು ಅಲ್ಲಿ, ಆಗ ಮಡಿಕೆ ಹಾಳೆ ಬಂತು: ಪುಟದ ಮೇಲೆ ಮಡಿಚಿಟ್ಟ ಹಾಳೆ, ತೆರೆದರಷ್ಟೇ ಒಳಗಿನ ಪರಿಹಾರ ಕಾಣುತ್ತದೆ.

ಈಗ ಓಡುತ್ತಿರುವುದು ಮಣ್ಣೆತ್ತಿನ ಪುಸ್ತಕ. ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆ ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುವುದರಿಂದ ಮಕ್ಕಳಿಗೆ ವಿವರಣೆ ಬೇಡ. ಹುಡುಗಿ ಎರಿಮಣ್ಣಿನ (ಕಪ್ಪುಮಣ್ಣಿನ) ಎತ್ತು ಮಾಡಿ ಬಿಸಿಲಿಗಿಡುತ್ತಾಳೆ, ಕೋಡು ಉದುರುತ್ತದೆ. ಒಣಗಿದ ತಲೆಗೆ ಹಸಿಮಣ್ಣು ಮೆತ್ತುತ್ತಾಳೆ, ಮತ್ತೆ ಉದುರುತ್ತದೆ. ಹಸಿಮಣ್ಣು ಒಣಗುವಾಗ ಕುಗ್ಗುತ್ತದೆ, ಒಣಮಣ್ಣು ಕುಗ್ಗುವುದಿಲ್ಲ, ಅದಕ್ಕೇ ಕೂಡಿಸಿದ್ದು ಬಿಟ್ಟುಕೊಳ್ಳುತ್ತದೆ. ಮೂರನೇ ಸಲ ಹೊಸ ಎತ್ತು ಮಾಡಿ, ಎರಡೂ ಕಡೆ ಹಸಿ ಇರುವಾಗಲೇ ಕಡ್ಡಿಯಿಂದ ಗೀರಿ, ತೆಳು ಕೆಸರು ಸವರಿ, ಒತ್ತಿ, ನೆರಳಿಗಿಡುತ್ತಾಳೆ. ಎರಡನೇ ಸೋಲು ಇರಲೇಬೇಕು. ಒಂದೇ ಸಲಕ್ಕೆ ಸರಿಹೋದರೆ ಮಕ್ಕಳು ಅದನ್ನು ಜಾದೂ ಎಂದುಕೊಳ್ಳುತ್ತಾರೆ. ಉದುರಿದ್ದಕ್ಕೆ ಕಾರಣವೂ ಚಿತ್ರದಲ್ಲೇ ಕಾಣಬೇಕು: ಬಿಸಿಲು, ಬಿರುಕು.

ದುಡ್ಡಿನ ಮಾತು. ಮುದ್ರಣಕಾಶಿ ಗದಗದಲ್ಲಿದ್ದೂ ಮೊದಲ ಪ್ರತಿಗೆ ಸಾವಿರದ ಹತ್ತಿರ ಸುರಿದೆ: ಎ3 ಅಳತೆ, ದಪ್ಪನೆಯ, ನುಣುಪಾದ ಆರ್ಟ್ ಪೇಪರ್ (170 ಜಿಎಸ್‌ಎಂ), ಪೂರ್ತಿ ಕಲರ್. ವಾರದೊಳಗೆ ಮಡಿಕೆಯ ಗುಂಟ ಬಣ್ಣ ಎದ್ದು ಬಿಳಿ ಗೆರೆ ಬಿತ್ತು. ಲೇಸರ್ ಪ್ರಿಂಟಿನ ಟೋನರ್ ಕಾಗದದ ಮೇಲೆ ಕೂತಿರುತ್ತದೆ, ಒಳಗೆ ಇಳಿದಿರುವುದಿಲ್ಲ. ಈಗ ಮಡಿಕೆಯ ಎರಡೂ ಬದಿ ಅರ್ಧ ಸೆಂಟಿಮೀಟರ್ ಖಾಲಿ ಬಿಡುತ್ತೇನೆ, ಮುಗಿದ ಬಾಲ್‌ಪೆನ್ನಿನಿಂದ ಸ್ಕೇಲ್ ಇಟ್ಟು ಗೀರಿ ಆಮೇಲೆ ಮಡಿಚುತ್ತೇನೆ, ಒಳಗಡೆ ಬಟ್ಟೆ ಟೇಪ್. ಮಡಿಕೆಯ ಅಂಚಿಗೆ ಹೆಬ್ಬೆರಳಷ್ಟು ಅರ್ಧಚಂದ್ರ ಕತ್ತರಿಸಿ, ಇಲ್ಲದಿದ್ದರೆ ಉಗುರು ಹಾಕಿ ಹರಿಯುತ್ತಾರೆ. ರಟ್ಟಿಗೆ ಮೈದಾ ಅಂಟು ಬಳಸುವವರು ಬೈಂಡರುಗಳಂತೆ ಮೈಲುತುತ್ತು (ತಾಮ್ರದ ಸಲ್ಫೇಟ್) ಬೆರೆಸಬೇಡಿ. ಅದು ವಿಷ, ಇವರೋ ಪುಸ್ತಕ ಬಾಯಿಗಿಡುವ ವಯಸ್ಸಿನವರು.

ಕಲರ್ ಪ್ರಿಂಟನ್ನೂ ಕೈಬಿಟ್ಟೆ. ಕಪ್ಪು ಗೆರೆಯಲ್ಲಿ ಬರೆದು ಝೆರಾಕ್ಸ್, ಕೋಡಿಗೆ ಮಾತ್ರ ಕ್ರೇಯಾನ್. ಖರ್ಚು ಮುನ್ನೂರರ ಆಸುಪಾಸಿಗೆ ಇಳಿಯಿತು. ಅದಕ್ಕಿಂತ ದೊಡ್ಡ ಲಾಭ, ಇಪ್ಪತ್ತೈದು ಮಕ್ಕಳ ಕಣ್ಣೂ ಕೋಡಿನ ಮೇಲೇ. ಇದು ನನ್ನದೇ ಹುಡುಕಾಟ, ಹೇಳಿಕೊಳ್ಳಲು ಸಂಕೋಚವಿಲ್ಲ.

ಓದಿಸಲು ಮೂರು ದಿನ. ಮೊದಲ ದಿನ ಕೋಡು ಉದುರುವವರೆಗೆ, "ಈಗೇನ್ ಮಾಡೂದು?" ಎಂದು ಕೇಳಿ ಪುಸ್ತಕ ಮುಚ್ಚುವುದು. ಎಷ್ಟು ಗೋಗರೆದರೂ ತೆರೆಯಬಾರದು. ಎರಡನೇ ದಿನ ಅವರು ಹೇಳಿದ್ದನ್ನೆಲ್ಲ ನಿಜವಾದ ಮಣ್ಣಿನಲ್ಲಿ ಮಾಡಿಸುವುದು, ಉಗುಳು ಹಚ್ಚುತ್ತೇನೆ ಎಂದವನಿಗೂ ಅವಕಾಶ. ಮೂರನೇ ದಿನ ಮಡಿಕೆ. ಅದನ್ನು ತೆರೆಯಲು ಯಾರನ್ನು ಕರೆಯಬೇಕು ಎಂಬುದರಲ್ಲಿ ಒಂದು ಗುಟ್ಟಿದೆ. ಅದು ಬೇಕಾದವರು ತರಗತಿಗೆ ಬಂದು ನೋಡಲಿ. ಪುಸ್ತಕಕ್ಕೆ ಎರಡೇ ಮಡಿಕೆ ಸಾಕು. ಏಳೆಂಟು ಹಾಕಿದಾಗ ಮಕ್ಕಳಿಗೆ ತೆರೆಯುವ ಆಟವೇ ಉಳಿಯಿತು, ಎತ್ತು ಮರೆತುಹೋಯಿತು. ನಾಯಕಿಗೆ ತರಗತಿಯಲ್ಲಿರುವ ಹೆಸರನ್ನು ಇಡಬೇಡಿ. ಒಮ್ಮೆ ಇಟ್ಟಾಗ, ಆ ಹೆಸರಿನ ಮಗು ಎರಡು ದಿನ ಶಾಲೆಗೇ ಬರಲಿಲ್ಲ.

ನಕ್ಕವರ ಮಾತು ಒಂದು ಕಡೆ ಮಾತ್ರ ನಿಜವಾಯಿತು. ಇದೇ ಉಪಾಯದಲ್ಲಿ ಅಕ್ಷರದ ಪುಸ್ತಕ ಮಾಡಿ, ಮೇಲೆ ತಿರುವುಮುರುವಾದ 'ಎ', ಮಡಿಕೆಯೊಳಗೆ ಸರಿಯಾದ 'ಎ' ಇಟ್ಟೆ. ದೊಡ್ಡದಾಗಿ ಕಂಡ ತಪ್ಪು ರೂಪವೇ ಕಣ್ಣಿನಲ್ಲಿ ಕೂತು, ಸರಿ ಬರೆಯುತ್ತಿದ್ದ ನಾಲ್ಕೈದು ಮಕ್ಕಳೂ ಕೆಟ್ಟರು. ಕೈಕೆಲಸದ ತಪ್ಪನ್ನು ತೋರಿಸಬಹುದು, ಅಕ್ಷರದ್ದನ್ನು ಬೇಡ. ಮಣ್ಣೆತ್ತಿನ ವಿಷಯದಲ್ಲಾದರೆ ಮೊದಲು ಐದಾರು ಮಕ್ಕಳಷ್ಟೇ ಎರಡನೇ ಸಲ ಕೈ ಹಾಕುತ್ತಿದ್ದರು, ಈಗ ಹದಿನೈದರ ಮೇಲೆ. ನೀರು ಚೆಲ್ಲಿದರೆ ನನ್ನ ಮುಖ ನೋಡುವ ಮೊದಲೇ ಒರೆಸಲು ಅರಿವೆ ಹುಡುಕುತ್ತಾರೆ.

ಮುಂದಿನದು ರೊಟ್ಟಿ ಪುಸ್ತಕ. ಜೋಳದ ಹಿಟ್ಟಿಗೆ ಬಿಸಿನೀರು ಸಾಲದೆ, ನಾದುವುದು ಸಾಲದೆ ಬಡಿಯುವಾಗ ರೊಟ್ಟಿ ಹರಿಯುತ್ತದೆ, ಕಾರಣ ಚಂದ ಕಾಣುತ್ತದೆ ಎಂದುಕೊಂಡಿದ್ದೆ. ಕರಡು ತೋರಿಸಿ "ಈಗೇನ್ ಮಾಡೂದು?" ಎಂದರೆ ಇಡೀ ತರಗತಿ ಒಂದೇ ದನಿಯಲ್ಲಿ, "ಹರದ್ರೇನಾತ್ರಿ ಅಕ್ಕೋರ, ಮುಟಗಿ ಮಾಡೂದು!" ಮುಟಗಿ ಎಂದರೆ ರೊಟ್ಟಿಯನ್ನು ಮುರಿದು ಬೆಳ್ಳುಳ್ಳಿ, ಖಾರ ಹಾಕಿ ಕುಟ್ಟಿ ಮಾಡುವ ತಿನಿಸು. ಹನ್ನೆರಡು ಪುಟ ಬರೆದದ್ದು ಕಪಾಟಿನಲ್ಲಿದೆ. ತಿಂದು ಮುಗಿಸಲಾಗದ ತಪ್ಪೊಂದನ್ನು ಹುಡುಕುತ್ತಿದ್ದೇನೆ.