ಪಲ್ಲವಿಗೆ ತಾಳ, ವಚನಕ್ಕೆ ಉಸಿರು: 126ನೇ ಕೀರ್ತನೆ ಹಾಡುವ ಬಗೆ

ಬೀದರ್, ಕಲಬುರಗಿ, ಯಾದಗಿರಿ ಕಡೆಯ ಕ್ರೈಸ್ತ ಸಭೆಗಳಲ್ಲಿ ಹಾಡಿಗೆ ಬರವಿಲ್ಲ. ಹಾರ್ಮೋನಿಯಂ, ಡೋಲಕ್, ತಾಳ ಇದ್ದರೆ ಮನೆ ಪ್ರಾರ್ಥನೆಗೆ ಬಂದ ಮಂದಿ ರಾತ್ರಿ ಹತ್ತಾದರೂ ಏಳುವುದಿಲ್ಲ. ಬೈಬಲಿನ ಕೀರ್ತನೆಗಳ ಪಾಳಿ ಬಂತೆಂದರೆ ಮಾತ್ರ ಅದೇ ಮಂದಿ ಶಾಲೆಯಲ್ಲಿ ಪಾಠ ಒಪ್ಪಿಸಿದಂತೆ ಓದಿ ಮುಗಿಸುತ್ತಾರೆ: ಪಾಸ್ಟರ್ ಒಂದು ವಚನ, ಸಭೆ ಒಂದು ವಚನ. ಸತ್ಯವೇದದ ಕೀರ್ತನೆಗಳ ಸಾಲು ಒಂದೇ ಉದ್ದ ಇರುವುದಿಲ್ಲ, ತಾಳಕ್ಕೆ ಕೂಡುವುದಿಲ್ಲ. ಹಾಗಾಗಿ ಹಾಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ದಾರಿ ಇದೆ. ಒಂದೇ ಸಾಲನ್ನು ಪಲ್ಲವಿಯಾಗಿ ಆರಿಸಿ ತಾಳಕ್ಕೆ ಕೂಡಿಸಿ. ಉಳಿದ ವಚನಗಳನ್ನು ತಾಳ ಬಿಟ್ಟು ಉಸಿರಿನ ಅಳತೆಗೆ ಹಾಡಿ. ಕಥೋಲಿಕರ ಬಲಿಪೂಜೆಯಲ್ಲಿ ಮೊದಲ ವಾಚನದ ನಂತರ ಬರುವ ಕೀರ್ತನೆ ಮತ್ತು ಶ್ಲೋಕದ ಕಟ್ಟೂ ಇದೇ. ಅಕ್ಷರ ಬಾರದ ಹಿರಿಯರು ಕಿವಿಯಿಂದಲೇ ಕಲಿಯುವುದರಿಂದ ಮೆಥೊಡಿಸ್ಟ್ ಸಭೆಗಳಿಗೂ ಇದು ಒಗ್ಗುತ್ತದೆ.

ಕಲಿಯಲು 126 ಒಳ್ಳೆಯದು. ಆರೇ ವಚನ. ಯೆರೂಸಲೇಮಿಗೆ ಹತ್ತಿ ಹೋಗುವವರ ಯಾತ್ರಾಗೀತೆಗಳು ಹದಿನೈದು, 120ರಿಂದ 134ರ ತನಕ. ಅವುಗಳಲ್ಲಿ ಇದು ಏಳನೆಯದು. ಐದನೇ ವಚನವನ್ನೇ ಪಲ್ಲವಿ ಮಾಡಿ: "ಅಳುತ್ತಾ ಬಿತ್ತುವವರು, ಹಾಡುತ್ತಾ ಕೊಯ್ಯುವರು."

ಈಗ ಬೆರಳಲ್ಲಿ ಎಣಿಸಿ. ಅಕ್ಷರ ಲೆಕ್ಕ ಹಿಡಿದರೆ ಮೊದಲ ಭಾಗಕ್ಕೆ 8, ಎರಡನೆಯದಕ್ಕೆ 7. ಲಘುವಿಗೆ ಒಂದು, ಗುರುವಿಗೆ ಎರಡರಂತೆ ಮಾತ್ರೆ ಎಣಿಸಿದರೆ ಎರಡಕ್ಕೂ 11. ಆರು ಮಾತ್ರೆಯ ದಾದ್ರಾ ತಾಳದ ಎರಡು ಸುತ್ತಿಗೆ 12 ಬೇಕು, ಒಂದೊಂದು ಕಡಿಮೆ. ಆ ಒಂದನ್ನು ಎಲ್ಲಿ ಬಿಡುತ್ತೀರಿ ಎನ್ನುವುದರ ಮೇಲೆ ಹಾಡು ನಿಂತಿದೆ. ಮೊದಲ ಭಾಗದಲ್ಲಿ ಸಮ್ (ತಾಳದ ಸುತ್ತಿನ ಮೊದಲ ಮಾತ್ರೆ) ಖಾಲಿ ಬಿಟ್ಟು ಎರಡನೇ ಮಾತ್ರೆಯಿಂದ "ಅಳುತ್ತಾ" ಎತ್ತಿ. "ಬಿತ್ತುವವರು" ಸರಿಯಾಗಿ ಮುಂದಿನ ಸಮ್ ಮೇಲೆ ಬೀಳುತ್ತದೆ. ಎರಡನೇ ಭಾಗದಲ್ಲಿ "ಹಾಡುತ್ತಾ" ಸಮ್ ಮೇಲೇ ಎತ್ತಿ. "ಕೊಯ್ಯುವರು" ಮುಗಿದಾಗ ಕೊನೆಯ ಮಾತ್ರೆ ಉಸಿರಿಗೆ ಉಳಿಯುತ್ತದೆ. ಅಳುವಾಗ ತಡೆದು ಎತ್ತುವುದು, ಹಾಡುವಾಗ ನೇರ ಎತ್ತುವುದು: ಮಾತಿಗೆ ತಕ್ಕ ನಡೆ ತಾನಾಗಿ ಬಂತು.

ಭೂಪಾಲಿ ರಾಗದ ಐದು ಸ್ವರದಲ್ಲಿ ಹೀಗೆ ಇಡಬಹುದು. ಅಲ್ಪವಿರಾಮ ಖಾಲಿ ಮಾತ್ರೆ, ಗೆರೆ ಎಳೆತ.

, ಸ ರಿ – ಗ – | ಗ – ರಿ ರಿ ಸ ಸ
ಗ – ಪ – ಗ – | ರಿ – ಗ ರಿ ಸ ,

ಭೂಪಾಲಿಯಲ್ಲಿ ಮ, ನಿ ಇಲ್ಲ. ಅರ್ಧ ಸ್ವರದ ಅಂತರವೇ ಇಲ್ಲದ ಕಾರಣ ಕಲಿಯದ ಕಂಠವೂ ಸುಲಭಕ್ಕೆ ಜಾರುವುದಿಲ್ಲ. ಶ್ರುತಿ ಕರಿ ಒಂದು, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಇಡಿ. ಗಂಡಸರು, ಹೆಂಗಸರು ಇಬ್ಬರಿಗೂ ಪಂಚಮ ಎಟುಕುತ್ತದೆ. ಹಾಡುಗಾರ ತನ್ನ ದನಿಗೆ ಒಪ್ಪುವಂತೆ ಕರಿ ಮೂರಕ್ಕೋ ನಾಲ್ಕಕ್ಕೋ ಏರಿಸಿದರೆ ಹಿಂದಿನ ಸಾಲಿನವರು ಒಬ್ಬೊಬ್ಬರೇ ಬಾಯಿ ಮುಚ್ಚುತ್ತಾರೆ. ಮಳೆಗಾಲದಲ್ಲಿ ಡೋಲಕ್ಕಿನ ಚರ್ಮ ಸಡಿಲಾಗುತ್ತದೆ, ಹಗ್ಗ ಬಿಗಿದು ಹಾರ್ಮೋನಿಯಂಗೆ ಹೊಂದಿಸಿಯೇ ಕೂರಿ.

ವಚನಗಳಿಗೆ ರಾಗ ಕಟ್ಟಬೇಡಿ. ಮೊದಲ ಅರ್ಧ ಪೂರ್ತಿ ಸ ಮೇಲೆ ಹೇಳುತ್ತ ಹೋಗಿ, ಕೊನೆಯ ಪದಕ್ಕೆ ರಿ–ಗ ಏರಿಸಿ ನಿಲ್ಲಿಸಿ. ಒಂದು ಪೂರ್ತಿ ಉಸಿರು. ಆಮೇಲೆ ಎರಡನೇ ಅರ್ಧ ಗ ಮೇಲೆ ಹೇಳಿ, ಕೊನೆಯ ಪದದಲ್ಲಿ ರಿ–ಸ ಇಳಿಸಿ. ಕನ್ನಡದಲ್ಲಿ ಒತ್ತು ಪದದ ತಲೆಯ ಮೇಲೆ, ವಾಕ್ಯದ ತುದಿಗೆ ಉದ್ದನೆಯ ಕ್ರಿಯಾಪದ. "ತುಂಬಿಸಿದನು" ಎಂಬಲ್ಲಿ ಸ್ವರ ತಿರುಗಬೇಕಾದದ್ದು "ತುಂ" ಮೇಲೆ. "ಬಿಸಿದನು" ಇಳಿದ ಸ್ವರದಲ್ಲೇ ಸಲೀಸಾಗಿ ಹೋಗಲಿ. "ನು" ಮೇಲೆ ತಿರುಗಿಸಿದರೆ ಬಸ್ ಸ್ಟ್ಯಾಂಡಿನಲ್ಲಿ ಊರಿನ ಹೆಸರು ಕೂಗಿದಂತೆ ಕೇಳುತ್ತದೆ.

ನಡುವಿನ ಆ ಉಸಿರನ್ನು ಯಾರೂ ಕದಿಯಬಾರದು. ಹೀಬ್ರೂ ಕೀರ್ತನೆಯ ವಚನ ಬಹುಮಟ್ಟಿಗೆ ಎರಡು ಭಾಗದ್ದು: ಮೊದಲನೆಯದು ಹೇಳಿದ್ದನ್ನು ಎರಡನೆಯದು ಇನ್ನೊಂದು ಬಗೆಯಲ್ಲಿ ಹೇಳುತ್ತದೆ, ಇಲ್ಲವೇ ತಿರುಗಿಸಿ ಹಾಕುತ್ತದೆ. ನಿಲ್ಲದೆ ಓಡಿದರೆ ಎರಡನೆಯದು ಬರೀ ಪುನರುಕ್ತಿ ಎನಿಸುತ್ತದೆ. ಕೆಡಿಸುವವರು ಹೆಚ್ಚಾಗಿ ಹಾರ್ಮೋನಿಯಂ ನುಡಿಸುವ ಅಣ್ಣಂದಿರು. ಖಾಲಿ ಜಾಗ ಕಂಡರೆ ಅವರ ಬೆರಳು ಸುಮ್ಮನಿರದು. ವಚನ ನಡೆಯುವಾಗ ಸ–ಪ ಎರಡೇ ಹಿಡಿದುಕೊಳ್ಳಲು ಹೇಳಿ. ಡೋಲಕ್ ಪಲ್ಲವಿಗೆ ಮಾತ್ರ.

ಕ್ರಮ: ಪಲ್ಲವಿಯನ್ನು ಒಬ್ಬರು ಒಮ್ಮೆ, ಸಭೆ ಒಮ್ಮೆ. ಆಮೇಲೆ 1, 2, 3, 4, 6ನೇ ವಚನ, ಪ್ರತಿಯೊಂದರ ನಂತರ ಪಲ್ಲವಿ. ಸೆಕೆಂಡಿಗೆ ಎರಡು ಮಾತ್ರೆಯ ಲಯ ಹಿಡಿದರೆ ಒಂದು ಪಲ್ಲವಿಗೆ 12 ಸೆಕೆಂಡು, ನಾಲ್ಕನೇ ವಚನದ ನಂತರದ ಮೌನ ಬಿಟ್ಟರೆ ಒಟ್ಟು ಸುಮಾರು ಮೂರು ನಿಮಿಷಕ್ಕೆ ಮುಗಿಯುತ್ತದೆ. ಎರಡನೇ ವಚನ ಉದ್ದ, ನಗುವಿನ ಮಾತು ಮುಗಿದಲ್ಲಿ ಒಡೆದು ಎರಡು ಮಾಡಿ. ವಚನದ ಸಂಖ್ಯೆ ಓದಬೇಡಿ, ಇದನ್ನು ಹೇಳಲೇಬೇಕಾಗಿದೆ. ಬೇರೆ ಕೀರ್ತನೆಗಳಲ್ಲಿ "ಸೆಲಾ" ಎಂಬ ಹೀಬ್ರೂ ಗುರುತು ಬಂದರೆ ಅದನ್ನೂ ಹಾಡಬೇಡಿ, ಅಲ್ಲಿ ಸುಮ್ಮನೆ ನಿಲ್ಲಿ.

ಧ್ಯಾನಕ್ಕೆ ಬಾಗಿಲು ನಾಲ್ಕನೇ ವಚನದಲ್ಲಿದೆ. ಮೊದಲ ಮೂರು ಕಳೆದದ್ದನ್ನು ನೆನೆಯುತ್ತವೆ, ಕನಸು ಕಂಡವರಂತಿದ್ದೆವು ಎಂದು. ನಾಲ್ಕರಲ್ಲಿ ಒಮ್ಮೆಲೇ ಬೇಡಿಕೆ: ದಕ್ಷಿಣದೇಶದ ಹಳ್ಳಗಳಂತೆ ನಮ್ಮನ್ನು ತಿರುಗಿ ಸ್ಥಾಪಿಸು. ನೆಗೆವ್ ಮರುಭೂಮಿಯ ಆ ಹಳ್ಳಗಳು ವರ್ಷದ ಬಹುಪಾಲು ಒಣ ಕಲ್ಲು, ಮಳೆ ಬಿದ್ದ ಗಳಿಗೆಗೆ ದಡ ಮೀರಿ ಹರಿಯುತ್ತವೆ. ಬೇಸಿಗೆಯಲ್ಲಿ ನಮ್ಮೂರಿನ ಹಳ್ಳ ನೋಡಿದವರಿಗೆ ಬೇರೆ ವಿವರಣೆ ಬೇಡ. ಇಲ್ಲಿ ಪಲ್ಲವಿಗೆ ಮೊದಲು ಹತ್ತು ಉಸಿರು ಮೌನ ಇರಿಸಿ, ಹಾರ್ಮೋನಿಯಂ ಪೆಟ್ಟಿಗೆಯೂ ಬಂದ್.

ಸುಗ್ಗಿಯ ಕೃತಜ್ಞತಾ ಆರಾಧನೆಯಲ್ಲೇ ಇದನ್ನು ಹಾಡುವ ರೂಢಿ ಹಲವೆಡೆ ಇದೆ. ನಮ್ಮ ಅಭಿಪ್ರಾಯ ಬೇರೆ. ಹಾಡುವವರು ಇನ್ನೂ ಬಿತ್ತುವ ಹೊಲದಲ್ಲಿದ್ದಾರೆ, ರಾಶಿ ಕಣ್ಣಿಗೆ ಬಿದ್ದಿಲ್ಲ. ತೊಗರಿ ಜೂನ್–ಜುಲೈಯಲ್ಲಿ ಬಿತ್ತಿದರೆ ಕೈಗೆ ಬರುವುದು ಡಿಸೆಂಬರ್–ಜನವರಿಗೆ. ಮನೆಯಲ್ಲಿ ತಿನ್ನಬಹುದಾದ ಕಾಳನ್ನು ಮಣ್ಣಿಗೆ ಹಾಕುವ ಸಂಕಟ ಆ ಕಣ್ಣೀರಿನಲ್ಲಿದೆ ಎಂದು ಓದಿಕೊಂಡರೆ ಬಿತ್ತಿಗೆಯ ವಾರವೇ ಇದಕ್ಕೆ ತಕ್ಕ ಸಮಯ.

ಹಾಡು ಮುಗಿದ ಮೇಲೆ ಎರಡು ನಿಮಿಷ ಗಡಿಯಾರ ನೋಡಿ ಸುಮ್ಮನಿರಿ. ಅಂದಾಜಿಗೆ ಬಿಟ್ಟರೆ ಇಪ್ಪತ್ತು ಸೆಕೆಂಡಿಗೇ ಯಾರಾದರೂ ಪ್ರಾರ್ಥನೆ ಶುರು ಮಾಡುತ್ತಾರೆ. ನಂತರ ಒಬ್ಬರು ಕೀರ್ತನೆಯನ್ನು ನಿಧಾನಕ್ಕೆ ಓದಲಿ, ಬೇಕಾದವರು ತಮಗೆ ತಟ್ಟಿದ ಒಂದು ಪದ ಹೇಳಲಿ. ವಿವರಣೆ ಬೇಡ, ವಿವರಣೆ ಶುರುವಾದರೆ ಪ್ರಸಂಗ (ಉಪದೇಶ) ಆಗುತ್ತದೆ. ದುಃಖದ ಕೀರ್ತನೆಗಳಲ್ಲಿ ಇನ್ನೂ ಎಚ್ಚರ ಬೇಕು. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅದರ ಬೆನ್ನಿಗೇ ಚಪ್ಪಾಳೆಯ ಹಾಡು ಎತ್ತಬೇಡಿ, ಆ ಸಂಜೆ ಕಣ್ಣೀರು ಹೊತ್ತು ಬಂದವರು ಅಲ್ಲಿ ಕೂತಿರುತ್ತಾರೆ.

ಒಂದೇ ಕೀರ್ತನೆಯನ್ನು ನಾಲ್ಕು ರವಿವಾರ ಹಾಡಿ. ಮೊದಲ ವಾರ ಸಭೆಗೆ ಪಲ್ಲವಿ ಮಾತ್ರ ಕೊಡಿ. ಎರಡನೇ ವಾರದಿಂದ ವಚನಗಳನ್ನು ಹೆಂಗಸರು, ಗಂಡಸರು ಪಾಳಿಯಲ್ಲಿ ತೆಗೆದುಕೊಳ್ಳಲಿ. ನಾಲ್ಕನೇ ವಾರ ಡೋಲಕ್ ಬದಿಗಿಟ್ಟು ನೋಡಿ. ಖಾಲಿ ಸಮ್ ಬಿಟ್ಟು ಸಭೆ ತಾನೇ "ಅಳುತ್ತಾ" ಎತ್ತಿದರೆ ಮುಂದಿನ ಕೀರ್ತನೆಗೆ ಹೋಗಿ. ಎತ್ತದಿದ್ದರೆ ಇನ್ನೊಂದು ವಾರ.