ಗೂಟಿ ಕಟ್ಟುವುದು ಹೇಗೆ: ಸಿಪ್ಪೆ ತೆಗೆದರೆ ಸಾಲದು, ಲೋಳೆಯೂ ಹೋಗಬೇಕು

ಮಳೆ ಹಿಡಿದ ಕೂಡಲೇ ಹಿತ್ತಲಿನ ಸೀಬೆ ಗಿಡಗಳಲ್ಲಿ ಪ್ಲಾಸ್ಟಿಕ್ ಸುತ್ತಿದ ಗೂಟಿಯ ಗಂಟುಗಳು ಕಾಣಿಸಿಕೊಳ್ಳುತ್ತವೆ. ಎರಡು ತಿಂಗಳು ಬಿಟ್ಟು ವಿಚಾರಿಸಿದರೆ ಹೆಚ್ಚಿನವರದ್ದು ಒಂದೇ ಉತ್ತರ: 'ಬೇರೇ ಬರಲಿಲ್ಲ ರೀ. ಹಾರ್ಮೋನ್ ಪುಡಿ ಸಿಗಲಿಲ್ಲ, ಅದಕ್ಕೇ ಇರಬೇಕು.' ಗಂಟು ಬಿಚ್ಚಿ ನೋಡಿದರೆ ನಿಜವಾದ ಕಾರಣ ಅಲ್ಲೇ ಕೂತಿರುತ್ತದೆ. ಕೆತ್ತಿದ ಜಾಗದ ಮೇಲೆ ಹೊಸ ತೊಗಟೆ ಬೆಳೆದು, ಗಾಯ ಪೂರ್ತಿ ಕೂಡಿಕೊಂಡಿರುತ್ತದೆ.

ಕೊಂಬೆ ಇನ್ನೂ ತಾಯಿ ಗಿಡದಲ್ಲಿರುವಾಗಲೇ ಅದರ ಸಿಪ್ಪೆಯನ್ನು ಉಂಗುರದಂತೆ ಕೆತ್ತಿ, ಅಲ್ಲಿ ಬೇರು ಬರಿಸಿ, ಆಮೇಲೆ ಕತ್ತರಿಸಿ ನೆಡುವುದೇ ಗೂಟಿ. ಸೀಬೆ, ನಿಂಬೆ, ದಾಳಿಂಬೆ, ದಾಸವಾಳ, ಕ್ರೋಟನ್, ಅಗಲ ಎಲೆಯ ರಬ್ಬರ್ ಗಿಡ, ಎಲ್ಲಕ್ಕೂ ಇದು ಒಗ್ಗುತ್ತದೆ. ಸೀಬೆಯನ್ನು ಬೀಜದಿಂದಲೇ ಬೆಳೆಸಬಹುದಲ್ವಾ ಅಂತ ಕೇಳುವವರಿದ್ದಾರೆ. ಬೆಳೆಸಬಹುದು, ಆದರೆ ತಾಯಿ ಗಿಡದ ಹಣ್ಣೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 'ಅರ್ಕಾ ಮೃದುಲಾ' ಸೀಬೆ ತಳಿಯನ್ನು ಆರಿಸಿದ್ದು ಅಲಹಾಬಾದ್ ಸಫೇದಾ ಅನ್ನುವ ಇನ್ನೊಂದು ತಳಿಯ ಬೀಜದಿಂದ ಬಂದ ಗಿಡಗಳಿಂದಲೇ. ಬೀಜದ ಗಿಡ ಅಷ್ಟು ಬದಲಾಗುತ್ತದೆ. ನಿಮ್ಮ ಹಿತ್ತಲಲ್ಲಿ ಅದು ಒಳ್ಳೆಯದಕ್ಕೇ ಬದಲಾಗುತ್ತದೆ ಅಂತ ನಂಬಬೇಡಿ. ಗೂಟಿಯಲ್ಲಿ ಅದೇ ಹಣ್ಣು, ಅದೂ ಬೇಗ.

ಬಾಳೆ, ತಾಳೆ ಜಾತಿಯ ಗಿಡಗಳಿಗೆ ಹೀಗೆ ಉಂಗುರ ಕೆತ್ತಿ ಪ್ರಯೋಜನವಿಲ್ಲ, ಅವುಗಳ ಕಾಂಡದ ರಚನೆಯೇ ಬೇರೆ. ಬಾಳೆಗೆ ಪಕ್ಕದ ಮರಿ ಕಿತ್ತು ನೆಟ್ಟರೆ ಆಯಿತು. ಸುಗಂಧರಾಜಕ್ಕೆ ಗಡ್ಡೆ ಬಿಡಿಸಿ ನೆಟ್ಟರೆ ಮುಗಿಯಿತು. ಮಾವು, ಹಲಸಿಗೆ ಕಸಿಯೇ ವಾಸಿ.

ಕಾಲ ಜೂನ್‌ನಿಂದ ಆಗಸ್ಟ್. ಬಿಸಿಲು ಬೀಳುವ ಕಡೆಯ, ಒಂದು ವರ್ಷದ, ಪೆನ್ಸಿಲ್ ದಪ್ಪದ ನೇರ ಕೊಂಬೆ ಆರಿಸಿ. ತುದಿಯಿಂದ ಒಂದೂವರೆ ಅಡಿ ಕೆಳಗೆ, ಅಡ್ಡ ಕವಲು ಇಲ್ಲದ ಜಾಗ ನೋಡಿ ಎಲೆ ತೆಗೆಯಿರಿ. ಹೊಸ ಬ್ಲೇಡ್ ಅಥವಾ ಹರಿತವಾದ ಚಾಕು ಸಾಕು. ತರಕಾರಿ ಹೆಚ್ಚುವ ಮೊಂಡು ಚಾಕು ಬೇಡ, ಅದು ಸಿಪ್ಪೆಯನ್ನು ಜಜ್ಜುತ್ತದೆ.

ಈಗ ಎಲ್ಲರೂ ಎಡವುವ ಜಾಗ. ಕೊಂಬೆಯ ಸುತ್ತ ಒಂದು ಗೀಟು ಹಾಕಿ, ಅದರಿಂದ ಒಂದು ಅಂಗುಲಕ್ಕಿಂತ ತುಸು ಜಾಸ್ತಿ, ಅಂದರೆ 3 ಸೆಂ.ಮೀ. ಕೆಳಗೆ ಇನ್ನೊಂದು. ಎರಡರ ನಡುವೆ ಉದ್ದಕ್ಕೆ ಸೀಳಿ, ಉಗುರಿನಿಂದ ಎತ್ತಿದರೆ ಸಿಪ್ಪೆ ಉಂಗುರದಂತೆ ಕಳಚಿ ಬರುತ್ತದೆ. ಹೆಚ್ಚಿನವರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಆದರೆ ಬೆರಳಿಟ್ಟು ನೋಡಿ, ಕಟ್ಟಿಗೆ ಜಾರುತ್ತದೆ. ಆ ಲೋಳೆಯಂಥ ತೆಳು ಪದರದಿಂದಲೇ ಹೊಸ ತೊಗಟೆ ಹುಟ್ಟುವುದು. ಎಳೆಯಷ್ಟು ಉಳಿದರೂ ಅದು ಮೇಲಿನ ಅಂಚಿನಿಂದ ಕೆಳಗಿನ ಅಂಚಿಗೆ ಸೇತುವೆ ಕಟ್ಟಿಬಿಡುತ್ತದೆ.

ಸೇತುವೆ ಕಟ್ಟಿದರೆ ಏನು ನಷ್ಟ? ಎಲೆಗಳಲ್ಲಿ ತಯಾರಾದ ಆಹಾರ ಕೆಳಗಿಳಿಯುವುದು ತೊಗಟೆಯ ಮೂಲಕ. ನೀರು ಮೇಲೇರುವುದು ಒಳಗಿನ ಕಟ್ಟಿಗೆಯ ಮೂಲಕ. ಉಂಗುರ ತೆಗೆದಾಗ ನೀರು ಬರುತ್ತಲೇ ಇರುತ್ತದೆ, ಹಾಗಾಗಿ ಕೊಂಬೆ ಒಣಗುವುದಿಲ್ಲ. ಆಹಾರ ಮಾತ್ರ, ಬೇರು ಹುಟ್ಟಿಸುವ ಹಾರ್ಮೋನಿನ ಜೊತೆ, ಮೇಲಿನ ಅಂಚಿನಲ್ಲಿ ಬಂದು ನಿಲ್ಲುತ್ತದೆ. ಬೇರು ಹೊರಡುವುದು ಅಲ್ಲಿಂದಲೇ. ದಾರಿ ಮತ್ತೆ ತೆರೆದರೆ ಆಹಾರ ಕೆಳಗೆ ಹರಿದು ಹೋಗುತ್ತದೆ, ಬೇರು ಹಾಕುವ ಅಗತ್ಯ ಕೊಂಬೆಗೆ ಇರುವುದಿಲ್ಲ.

ಹಾಗಾಗಿ ಚಾಕುವಿನ ಬೆನ್ನಿನಿಂದ ಸುತ್ತಲೂ ಕೆರೆಯಿರಿ. ಬಟ್ಟೆಯಿಂದ ಒರೆಸಿ, ಬೆರಳಿಟ್ಟು ನೋಡಿ. ಜಾರಿದರೆ ಮತ್ತೆ ಕೆರೆಯಿರಿ. ನಮಗೆ ಕಾಣದ ಹಿಂಬದಿಯಲ್ಲೇ ಲೋಳೆ ಉಳಿಯುವುದು, ಆ ಕಡೆಗೆ ಹೋಗಿ ನಿಂತು ನೋಡಿ. ಹಾಗಂತ ಕಟ್ಟಿಗೆಯನ್ನೇ ಕೊರೆಯಬೇಡಿ, ಗಾಳಿಗೆ ಮುರಿಯುತ್ತದೆ. ರಬ್ಬರ್ ಗಿಡವಾದರೆ ಹಾಲು ಸೋರುವುದು ನಿಲ್ಲುವವರೆಗೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನು ಹಾರ್ಮೋನ್ ಪುಡಿಯ ವಿಚಾರ. ದಾಸವಾಳಕ್ಕೆ ಬೇಕಾಗಿಲ್ಲ. ಸೀಬೆ, ನಿಂಬೆಗೆ ಐಬಿಎ (ಬೇರು ಬರಿಸುವ ಹಾರ್ಮೋನ್) ಇರುವ ಪುಡಿಯನ್ನು ಮೇಲಿನ ಅಂಚಿಗೆ ತೆಳ್ಳಗೆ ಸವರಿದರೆ ಒಳ್ಳೆಯದು. ಕೆಳಗಿನ ಅಂಚಿಗೆ ಸವರಿದ್ದು ದಂಡ. ಪ್ರಮಾಣ, ತಯಾರಾದ ತಾರೀಕು ಅಚ್ಚಾಗಿಲ್ಲದ ಡಬ್ಬಿ ಕೊಳ್ಳಬೇಡಿ. ಜೇನುತುಪ್ಪ, ದಾಲ್ಚಿನ್ನಿ ಪುಡಿ ಸವರುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. ಜೇನುತುಪ್ಪ ಹಚ್ಚಿದರೆ ಇರುವೆಗೆ ಹಬ್ಬ, ಅಷ್ಟೇ.

ನರ್ಸರಿಯಲ್ಲಿ ಸಿಗುವ ಒಣ ಪಾಚಿಯನ್ನು (ಸ್ಫ್ಯಾಗ್ನಮ್ ಮಾಸ್) ನೆನೆಸಿ, ಹನಿ ಬೀಳದಷ್ಟು ಹಿಂಡಿ, ಒಂದು ಹಿಡಿಯಷ್ಟನ್ನು ಗಾಯದ ಸುತ್ತ ಒತ್ತಿ. ಮೇಲಿನ ಅಂಚು ಪಾಚಿಯ ನಡುವೆ ಬರಬೇಕು. ತೆಂಗಿನ ನಾರಿನ ಪುಡಿಯೂ ನಡೆಯುತ್ತದೆ. ಕೆಮ್ಮಣ್ಣು, ಸಗಣಿ ಮೆತ್ತುವುದು ಹಳೇ ಪದ್ಧತಿ, ಒಣಗಿ ಬಿರುಕು ಬಿಡುವುದರಿಂದ ನನಗದು ಇಷ್ಟವಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಸುತ್ತಿ ಎರಡೂ ತುದಿ ಬಿಗಿಯಾಗಿ ಕಟ್ಟಿ. ಮೇಲಿನ ಕಟ್ಟು ಸಡಿಲವಾದರೆ ಮಳೆನೀರು ಇಳಿದು ಒಳಗೆಲ್ಲ ಕೊಳೆಯುತ್ತದೆ. ತರಕಾರಿ ಅಂಗಡಿಯ ತೆಳು ಕವರ್ ಬಿಸಿಲಿಗೆ ಹರಿಯುತ್ತದೆ, ಬೇಡ. ಗೂಟಿಗೆಂದೇ ಆನ್‌ಲೈನ್‌ನಲ್ಲಿ ಮಾರುವ ಪ್ಲಾಸ್ಟಿಕ್ ಚೆಂಡುಗಳೂ ಬೇಡ. ತೆಳು ಕೊಂಬೆಗೆ ಅವು ಬಿಗಿಯಾಗಿ ಕೂರುವುದಿಲ್ಲ, ಸಂದಿಯಿಂದ ತೇವ ಆರಿಹೋಗುತ್ತದೆ.

ದಾಸವಾಳಕ್ಕೆ ಒಂದು ತಿಂಗಳ ಆಸುಪಾಸು, ಸೀಬೆಗೆ ಐದಾರು ವಾರ, ನಿಂಬೆಗೆ ಎರಡು ತಿಂಗಳವರೆಗೂ ಕಾಯಬೇಕು. ಮೊದಲ ಬಿಳಿ ಬೇರು ಕಂಡ ಖುಷಿಗೆ ಕತ್ತರಿ ಹಿಡಿಯಬೇಡಿ. ಬೇರು ಕಂದು ಬಣ್ಣಕ್ಕೆ ತಿರುಗಿ, ಕವಲೊಡೆದು, ಪ್ಲಾಸ್ಟಿಕ್ಕಿಗೆ ಒತ್ತಿ ನಿಲ್ಲಬೇಕು. ಆಗ ಗಂಟಿನ ಕೆಳಗೆ ಅರ್ಧ ಮಾತ್ರ ಕಚ್ಚು ಹಾಕಿ, ಒಂದು ವಾರ ಬಿಟ್ಟು ಪೂರ್ತಿ ಕತ್ತರಿಸಿ. ಒಂದೇ ಏಟಿಗೆ ಕತ್ತರಿಸಿದ ಗಿಡ ಜೋತುಬೀಳುವುದು ಜಾಸ್ತಿ.

ನೆಡುವಾಗ ಪ್ಲಾಸ್ಟಿಕ್ ಬಿಚ್ಚಿ. ನಗಬೇಡಿ, ಹಾಗೇ ನೆಟ್ಟವರಿದ್ದಾರೆ. ಪಾಚಿಯನ್ನು ಮಾತ್ರ ಕೀಳಲು ಹೋಗಬೇಡಿ, ಬೇರು ತುಂಡಾಗುತ್ತದೆ. ಅರ್ಧದಷ್ಟು ಎಲೆ ತೆಗೆದು, ಸಣ್ಣ ಕುಂಡದಲ್ಲಿ ನೆಟ್ಟು ಮೂರ್ನಾಲ್ಕು ವಾರ ನೆರಳಲ್ಲಿಡಿ. ಗೊಬ್ಬರ ಈಗಲೇ ಬೇಡ. ಹೊಸ ಚಿಗುರು ಬಂದು ಬಲಿತ ಮೇಲೆ ನಿಧಾನವಾಗಿ ಬಿಸಿಲಿಗೆ ಸರಿಸಿ.

ಗೂಟಿ ಗಿಡಕ್ಕೆ ತಾಯಿಬೇರು ಇರುವುದಿಲ್ಲ, ಜೋರು ಗಾಳಿಗೆ ವಾಲುತ್ತದೆ. ನೆಲಕ್ಕೆ ಹಾಕುವಾಗ ಪಕ್ಕದಲ್ಲೊಂದು ಗೂಟ ನೆಟ್ಟು ಸಡಿಲವಾಗಿ ಕಟ್ಟಿ. ಸೀಬೆಯಾದರೆ ಮೊದಲ ವರ್ಷವೇ ಹೂ ಬಿಟ್ಟೀತು. ಮನಸ್ಸು ಗಟ್ಟಿ ಮಾಡಿಕೊಂಡು ಚಿವುಟಿ ಹಾಕಿ.